ಟೆಕ್ಸಾಸ್ ಹೋಲ್ಡೆಮ್: ಮೂರೆಲೆ ಬಲ್ಲವರು ಪೋಕರ್ ಕಲಿಯಬೇಕಾದ ಕ್ರಮ

ಬಳ್ಳಾರಿಯ ನಮ್ಮ ಮಹಡಿಯ ಮೇಲೆ ಬಿಸಿಲು ಇಳಿದ ಮೇಲೆ ಎಲೆ ಹಿಡಿದು ಕೂರುವವರಲ್ಲಿ ಹೆಚ್ಚಿನವರು ದೀಪಾವಳಿಯ ಮೂರೆಲೆ ಆಟದಲ್ಲಿ ಪಳಗಿದವರು. ಸಿಂಧನೂರಿನಿಂದ ಬಂದ ನೆಂಟರಾಗಲಿ, ಗಂಗಾವತಿಯ ಗೆಳೆಯರಾಗಲಿ, ಪೋಕರ್ ಕಲಿಯಲು ಕೂತಾಗ ಎಡವುವುದು ಒಂದೇ ಜಾಗದಲ್ಲಿ. ಪಣ ಕಟ್ಟುವುದು ಬೇಗ ಬರುತ್ತದೆ. ಕೊನೆಯ ಎಲೆ ಬಿದ್ದಾಗ ಗೆದ್ದವರು ಯಾರು ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ಕಾರಣ ಕಲಿಕೆಯ ಕ್ರಮ. ಮೂರೆಲೆಯಲ್ಲಿ ಪಣವೇ ಆಟ; ಕೈಯಲ್ಲಿರುವ ಮೂರು ಎಲೆಗಳನ್ನು ಓದಲು ಕ್ಷಣ ಸಾಕು. ಪೋಕರ್‌ನ ಒಂದು ಬಗೆಯಾದ ಹೋಲ್ಡೆಮ್‌ನಲ್ಲಿ ಎಲೆ ಓದುವುದೇ ಅರ್ಧ ಕೆಲಸ. ಹಾಗಾಗಿ ಈ ಮಾರ್ಗದರ್ಶಿ ಆಟದ ಕೊನೆಯಿಂದ ಶುರುವಾಗುತ್ತದೆ: ಮೊದಲು ಗೆಲುವನ್ನು ಗುರುತಿಸುವುದು, ಆಮೇಲೆ ಪಣ. ದಯವಿಟ್ಟು ಹಂತಗಳನ್ನು ಹಾರಿಸಬೇಡಿ. ಎರಡನೆಯ ಹಂತ ಬೇಸರ ತರಿಸುತ್ತದೆ ಎಂದು ಬಿಟ್ಟವರೆಲ್ಲ ಐದನೆಯ ಹಂತದಿಂದ ಮತ್ತೆ ಅಲ್ಲಿಗೇ ಬಂದಿದ್ದಾರೆ.

## ಆಟಕ್ಕೆ ಕೂರುವ ಮುನ್ನ

ಜೋಕರ್ ತೆಗೆದ 52 ಎಲೆಗಳ ಒಂದು ಕಟ್ಟು ಬೇಕು. ಹಿಂಬದಿಯ ಬಣ್ಣ ಬೇರೆಯಿರುವ ಇನ್ನೊಂದು ಕಟ್ಟಿದ್ದರೆ ಒಬ್ಬರು ಹಂಚುವಾಗ ಇನ್ನೊಬ್ಬರು ಕಲಸಬಹುದು. ನೆಲಕ್ಕೆ ದಪ್ಪ ಜಮಖಾನ ಹಾಸಿ. ನಮ್ಮ ಕಡೆಯ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಕೂರಲಾಗದು, ಬರಿಯ ನೆಲದ ಮೇಲೆ ಎಲೆ ಹಾರಿ ತಿರುಗಿಬಿದ್ದರೆ ಆ ಆಟವೇ ಕೆಟ್ಟಿತು. ಮಿರ್ಚಿ, ಮಂಡಕ್ಕಿ ಒಗ್ಗರಣೆ ಆಟ ಮುಗಿದ ಮೇಲೆ ಬರಲಿ. ಎಣ್ಣೆಯ ಗುರುತು ಬಿದ್ದ ಎಲೆಯನ್ನು ಹಿಂಬದಿಯಿಂದಲೇ ಗುರುತಿಸಬಹುದು.

ಪಣಕ್ಕೆ ಹುಣಸೆ ಬೀಜ ಮತ್ತು ಕಾಬೂಲಿ ಕಡಲೆ ಸಾಕು. ಬೀಜಕ್ಕೆ 1, ಕಡಲೆಗೆ 10 ಎಂದು ಬೆಲೆ ಕಟ್ಟಿ. ಪ್ರತಿಯೊಬ್ಬರಿಗೆ 40 ಬೀಜ, 16 ಕಡಲೆ ಕೊಟ್ಟರೆ ಒಟ್ಟು 200 ಆಗುತ್ತದೆ. ಆರು ಜನಕ್ಕೆ 240 ಬೀಜ, 96 ಕಡಲೆ. ಶೇಂಗಾ ಇಡಬೇಡಿ, ಆಟದ ನಡುವೆ ಕೈಗಳು ಅದನ್ನು ಬಾಯಿಗೆ ಒಯ್ಯುತ್ತವೆ, ಲೆಕ್ಕ ತಪ್ಪುತ್ತದೆ. ಹಂಚುವವರ ಸ್ಥಾನ ಗುರುತಿಸಲು ಬಾಟಲಿಯ ಮುಚ್ಚಳವೊಂದು ಇರಲಿ. ಅದಕ್ಕೆ ಬಟನ್ ಎನ್ನುತ್ತಾರೆ.

ಹಣ ಇಡಬೇಡಿ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜನ್ನು ಅಪರಾಧವೆಂದು ಪರಿಗಣಿಸುತ್ತದೆ. ಹಬ್ಬದ ದಿನಗಳಲ್ಲಿ ಇಸ್ಪೀಟ್ ಅಡ್ಡೆಗಳ ಮೇಲೆ ದಾಳಿಯಾಗುವುದು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ, ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನೂ ಅದು ಮಾಡುವುದಿಲ್ಲ. ಕಲಿಯಲು ಹುಣಸೆ ಬೀಜಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

## ಹಂತ 1: ಹತ್ತು ದರ್ಜೆಗಳನ್ನು ಬಾಯಿಪಾಠ ಮಾಡಿ

ಪೋಕರ್‌ನಲ್ಲಿ ಯಾವಾಗಲೂ ಹೋಲಿಸುವುದು ಐದು ಎಲೆಗಳನ್ನು. ಕೆಳಗಿನಿಂದ ಮೇಲಕ್ಕೆ ದರ್ಜೆಗಳು ಹೀಗಿವೆ:

1. ಹೈ ಕಾರ್ಡ್: ಏನೂ ಕೂಡದಿದ್ದಾಗ ದೊಡ್ಡ ಎಲೆಯೇ ಲೆಕ್ಕ
2. ಒಂದು ಜೋಡಿ
3. ಎರಡು ಜೋಡಿ
4. ತ್ರೀ ಆಫ್ ಎ ಕೈಂಡ್: ಒಂದೇ ಬೆಲೆಯ ಮೂರು
5. ಸ್ಟ್ರೇಟ್: ಸಾಲಾಗಿ ಐದು, ಜಾತಿ ಯಾವುದಾದರೂ ಸರಿ
6. ಫ್ಲಶ್: ಒಂದೇ ಜಾತಿಯ ಐದು
7. ಫುಲ್ ಹೌಸ್: ಮೂರು ಒಂದೇ, ಜೊತೆಗೆ ಒಂದು ಜೋಡಿ
8. ಫೋರ್ ಆಫ್ ಎ ಕೈಂಡ್: ಒಂದೇ ಬೆಲೆಯ ನಾಲ್ಕು
9. ಸ್ಟ್ರೇಟ್ ಫ್ಲಶ್: ಒಂದೇ ಜಾತಿಯಲ್ಲಿ ಸಾಲಾಗಿ ಐದು
10. ರಾಯಲ್ ಫ್ಲಶ್: ಒಂದೇ ಜಾತಿಯ 10, ಗುಲಾಮ, ರಾಣಿ, ರಾಜ, ಎಕ್ಕ

ಮೂರೆಲೆಯ ಅಭ್ಯಾಸ ನಿಮ್ಮನ್ನು ಇಲ್ಲಿ ಮೂರು ಕಡೆ ದಾರಿ ತಪ್ಪಿಸುತ್ತದೆ.

ಮೊದಲನೆಯದು, ಸಾಲು ಮತ್ತು ಕಲರ್. ಮೂರೆಲೆಯಲ್ಲಿ ಸಾಲು ದೊಡ್ಡದು, ಕಲರ್ ಚಿಕ್ಕದು. ಪೋಕರ್‌ನಲ್ಲಿ ಇದು ತಿರುವುಮುರುವು. ಬಾಯಿಪಾಠಕ್ಕಿಂತ ಕಾರಣ ತಿಳಿದರೆ ಮರೆಯುವುದಿಲ್ಲ: ಅಪರೂಪವಾದದ್ದು ದೊಡ್ಡದು. 52 ಎಲೆಗಳಿಂದ ಮೂರು ಎಲೆಗಳ 22,100 ಗುಂಪುಗಳಾಗುತ್ತವೆ. ಅವುಗಳಲ್ಲಿ ಬರಿಯ ಸಾಲು 720, ಬರಿಯ ಕಲರ್ 1,096. ಐದು ಎಲೆಗಳಾದಾಗ 25,98,960 ಗುಂಪುಗಳು. ಅವುಗಳಲ್ಲಿ ಸ್ಟ್ರೇಟ್ 10,200, ಫ್ಲಶ್ 5,108 ಮಾತ್ರ. ಎಲೆ ಹೆಚ್ಚಾದಂತೆ ಅಪರೂಪದ ಲೆಕ್ಕವೇ ಬದಲಾಯಿತು.

ಎರಡನೆಯದು, ಮೂರು ಒಂದೇ ಬಂದಾಗಿನ ಸಂಭ್ರಮ. ಮೂರೆಲೆಯಲ್ಲಿ ಅದರ ಮೇಲೆ ಇನ್ನೇನೂ ಇಲ್ಲ. ಇಲ್ಲಿ ಅದರ ಮೇಲೆ ಆರು ದರ್ಜೆಗಳಿವೆ. ಮೂರು ಎಕ್ಕ ಹಿಡಿದು ಕಣ್ಣು ಮುಚ್ಚಿ ಬೀಜ ಸುರಿದವರು ಎದುರಿನ ಪುಟ್ಟ ಸ್ಟ್ರೇಟ್‌ಗೆ ಸೋತು ಬೆರಗಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮೂರನೆಯದು, ಎಕ್ಕದ ಸಾಲು. ಎಕ್ಕ-2-3-4-5 ಇಲ್ಲಿ ಎಲ್ಲಕ್ಕಿಂತ ಚಿಕ್ಕ ಸ್ಟ್ರೇಟ್. ರಾಣಿ-ರಾಜ-ಎಕ್ಕ-2-3 ಎಂದು ಸುತ್ತಿ ಬರುವ ಸಾಲು ಸ್ಟ್ರೇಟೇ ಅಲ್ಲ. ಇಸ್ಪೀಟ್, ಆಟಿನ್, ಡೈಮಂಡ್, ಕಳಾವರ ನಾಲ್ಕೂ ಜಾತಿಗಳು ಸಮಾನ. ಇಬ್ಬರ ಫ್ಲಶ್ ಅಥವಾ ಜೋಡಿ ಎಲ್ಲ ಬೆಲೆಗಳಲ್ಲೂ ಸಮವಾದರೆ ಇಸ್ಪೀಟ್ ಗೆಲ್ಲುತ್ತದೆ ಎಂಬ ನಿಯಮವಿಲ್ಲ, ಎಲ್ಲರ ಪಣ ಸೇರಿದ ರಾಶಿ ಸಮಪಾಲಾಗುತ್ತದೆ.

## ಹಂತ 2: ಪಣವಿಲ್ಲದೆ ಏಳರಲ್ಲಿ ಐದನ್ನು ಆರಿಸಿ

ನಡುವೆ ಐದು ಎಲೆಗಳನ್ನು ತೆರೆದಿಡಿ. ಇದು ಬೋರ್ಡ್, ಎಲ್ಲರಿಗೂ ಸೇರಿದ್ದು. ಪ್ರತಿಯೊಬ್ಬರಿಗೆ ಎರಡೆರಡು ಎಲೆ ಕೊಟ್ಟು ಅವನ್ನೂ ತೆರೆದಿಡಿ. ಈಗ ಪ್ರತಿಯೊಬ್ಬರೂ ಬೋರ್ಡಿನ ಐದು ಮತ್ತು ತಮ್ಮ ಎರಡು, ಒಟ್ಟು ಏಳರಲ್ಲಿ ತಮ್ಮ ಅತ್ಯುತ್ತಮ ಐದನ್ನು ಬಾಯಿಬಿಟ್ಟು ಹೇಳಬೇಕು. ಕೈಯ ಎರಡನ್ನೂ ಬಳಸಬಹುದು, ಒಂದನ್ನು ಬಳಸಬಹುದು, ಒಂದನ್ನೂ ಬಳಸದೆ ಬೋರ್ಡನ್ನೇ ಆಡಬಹುದು.

ಮೂವತ್ತು ಸಲ ಹೀಗೆ ಹಂಚಿ. ಸತತ ಹತ್ತು ಸಲ ಯಾರೂ ತಪ್ಪದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ. ತಪ್ಪುಗಳು ಹೆಚ್ಚಾಗಿ ಆಗುವುದು ಈ ಮೂರು ಸನ್ನಿವೇಶಗಳಲ್ಲಿ:

ಜೊತೆಯ ಎಲೆ. ಬೋರ್ಡಿನಲ್ಲಿ ಎಕ್ಕ, ರಾಜ, 9, 5, 2. ನಿಮ್ಮಲ್ಲಿ ಎಕ್ಕ-7, ಎದುರಿನವರಲ್ಲಿ ಎಕ್ಕ-ರಾಣಿ. ಇಬ್ಬರಿಗೂ ಎಕ್ಕದ ಜೋಡಿ, ಹಾಗಾಗಿ ಸಮ ಎಂದು ಹಂಚಿಕೊಂಡರೆ ತಪ್ಪು. ಅವರ ಐದು: ಎಕ್ಕ, ಎಕ್ಕ, ರಾಜ, ರಾಣಿ, 9. ನಿಮ್ಮ ಐದು: ಎಕ್ಕ, ಎಕ್ಕ, ರಾಜ, 9, 7. ನಾಲ್ಕನೆಯ ಎಲೆಯಲ್ಲಿ ಅವರು ಗೆದ್ದರು. ಈ ಜೊತೆ ಎಲೆಗೆ ಕಿಕ್ಕರ್ ಎನ್ನುತ್ತಾರೆ.

ಮೂರು ಜೋಡಿ ಎಂಬುದಿಲ್ಲ. ಬೋರ್ಡಿನಲ್ಲಿ ಎಕ್ಕ, ಎಕ್ಕ, ರಾಜ, ರಾಜ, ರಾಣಿ. ನಿಮ್ಮಲ್ಲಿ ಎರಡು ಗುಲಾಮ, ಎದುರಿನವರಲ್ಲಿ 7-6. ನಿಮಗೆ ಮೂರು ಜೋಡಿ ಕಾಣುತ್ತದೆ, ಗೆದ್ದೆ ಎನಿಸುತ್ತದೆ. ಲೆಕ್ಕಕ್ಕೆ ಐದೇ ಎಲೆ: ಇಬ್ಬರೂ ಬೋರ್ಡಿನ ಐದನ್ನೇ ಆಡುತ್ತಿದ್ದೀರಿ. ರಾಶಿ ಸಮಪಾಲು.

ಫ್ಲಶ್‌ನಲ್ಲಿ ಎಣಿಕೆಯ ಭ್ರಮೆ. ಬೋರ್ಡಿನಲ್ಲಿ ಇಸ್ಪೀಟಿನ ರಾಜ, 10, 7, 3, ಜೊತೆಗೆ ಡೈಮಂಡ್ 2. ಒಬ್ಬರಲ್ಲಿ ಇಸ್ಪೀಟಿನ ರಾಣಿ ಮತ್ತು ಆಟಿನ್ 4. ಇನ್ನೊಬ್ಬರಲ್ಲಿ ಇಸ್ಪೀಟಿನ 9 ಮತ್ತು 8. ಕೈಯಲ್ಲಿ ಎರಡು ಇಸ್ಪೀಟ್ ಇದ್ದವರು ದೊಡ್ಡವರು ಎಂದು ವಾದಿಸುತ್ತಾರೆ. ಐದೈದನ್ನು ಬರೆದು ನೋಡಿ: ರಾಜ-ರಾಣಿ-10-7-3 ಎದುರು ರಾಜ-10-9-8-7. ಎರಡನೆಯ ಎಲೆಯಲ್ಲೇ ರಾಣಿ ಗೆದ್ದಿದೆ.

ಒಂದು ಎಚ್ಚರಿಕೆ: ತೀರ್ಪು ಕೊಡುವುದು ಜಮಖಾನದ ಮೇಲೆ ತೆರೆದ ಎಲೆಗಳೇ ಹೊರತು ಆಟಗಾರ ಹೇಳಿದ ಹೆಸರಲ್ಲ. ಯಾರಾದರೂ ಸೋತೆನೆಂದು ತಪ್ಪಾಗಿ ಹೇಳಿ ಎಲೆಗಳನ್ನು ಮಗುಚುವ ಮೊದಲು ಎಲ್ಲರೂ ಒಮ್ಮೆ ನೋಡುವ ರೂಢಿ ಮಾಡಿಕೊಳ್ಳಿ.

## ಹಂತ 3: ಸ್ಥಾನ ಮತ್ತು ಹಂಚಿಕೆ

ಆಟ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಹಂಚುವವರ ಎಡಕ್ಕೆ ಸಾಗುತ್ತದೆ. ಕೆಲವು ಮನೆಗಳಲ್ಲಿ ಬಲಕ್ಕೆ ಹಂಚುವ ರೂಢಿಯಿದೆ, ಇಲ್ಲಿ ಅದನ್ನು ಬಿಡಿ. ಪ್ರತಿ ಆಟದ ನಂತರ ಬಟನ್ ಎಡಕ್ಕೆ ಒಂದು ಸ್ಥಾನ ಸರಿಯುತ್ತದೆ.

ಬಟನ್‌ನ ಎಡಗಡೆಯವರು ಸ್ಮಾಲ್ ಬ್ಲೈಂಡ್, ಅವರ ಎಡಗಡೆಯವರು ಬಿಗ್ ಬ್ಲೈಂಡ್. ಎಲೆ ಹಂಚುವ ಮೊದಲೇ ಕ್ರಮವಾಗಿ 1 ಮತ್ತು 2 ಬೀಜ ಮುಂದಿಡಬೇಕು. ಬ್ಲೈಂಡ್ ಎಂಬ ಪದ ಮೂರೆಲೆಯವರನ್ನು ಗೊಂದಲಕ್ಕೆ ತಳ್ಳುತ್ತದೆ. ಅಲ್ಲಿ ಎಲೆ ನೋಡದೆ ಆಡುವುದು ಬ್ಲೈಂಡ್. ಇಲ್ಲಿ ಅದು ಆ ಸ್ಥಾನದಲ್ಲಿ ಕೂತವರು ಕಟ್ಟಲೇಬೇಕಾದ ಪಣ, ಅಷ್ಟೇ. ಎಲೆಗಳನ್ನು ಎಲ್ಲರೂ ನೋಡಿಯೇ ಆಡುತ್ತಾರೆ, ಎಲೆ ನೋಡದವರಿಗೆ ಅರ್ಧ ಪಣ ಎಂಬ ರಿಯಾಯಿತಿ ಇಲ್ಲ.

ಸ್ಮಾಲ್ ಬ್ಲೈಂಡ್‌ನಿಂದ ಶುರುಮಾಡಿ ಒಂದೊಂದಾಗಿ ಎರಡು ಸುತ್ತು ಹಂಚಿ. ಪಣದ ಮೊದಲ ಸುತ್ತು ಮುಗಿದ ಮೇಲೆ ಕಟ್ಟಿನ ಮೇಲಿನ ಒಂದು ಎಲೆಯನ್ನು ಮುಚ್ಚಿದಂತೆಯೇ ಪಕ್ಕಕ್ಕೆ ಸರಿಸಿ, ಮೂರು ಎಲೆಗಳನ್ನು ತೆರೆಯಿರಿ. ಇದು ಫ್ಲಾಪ್. ಮತ್ತೆ ಪಣ, ಮತ್ತೆ ಒಂದು ಸರಿಸಿ ಒಂದು ತೆರೆದರೆ ಟರ್ನ್. ಹಾಗೆಯೇ ಇನ್ನೊಂದು ರಿವರ್. ಎಲೆ ಪಕ್ಕಕ್ಕಿಡುವುದು ವ್ಯರ್ಥ ಶಾಸ್ತ್ರವಲ್ಲ. ಮೇಲಿನ ಎಲೆಯ ಹಿಂಬದಿ ಎಲ್ಲರಿಗೂ ಕಾಣುತ್ತಿರುತ್ತದೆ, ಅದರಲ್ಲಿ ಗುರುತಿದ್ದರೆ ಲಾಭ ಪಡೆಯುವವರಿಗೆ ಇದು ತಡೆ.

ಇಬ್ಬರೇ ಆಡುವಾಗ ಬಟನ್‌ನಲ್ಲಿರುವವರೇ ಸ್ಮಾಲ್ ಬ್ಲೈಂಡ್. ಫ್ಲಾಪ್‌ಗೆ ಮೊದಲು ಅವರು ಮೊದಲು ಆಡುತ್ತಾರೆ, ಫ್ಲಾಪ್ ನಂತರ ಕೊನೆಗೆ.

## ಹಂತ 4: ಒಂದು ಸುತ್ತು ಯಾವಾಗ ಮುಗಿಯುತ್ತದೆ

ನಿಮ್ಮ ಸರದಿಯಲ್ಲಿ ಮಾಡಬಹುದಾದದ್ದು ಇಷ್ಟೇ: ಯಾರೂ ಪಣ ಕಟ್ಟಿಲ್ಲದಿದ್ದರೆ ಏನೂ ಕಟ್ಟದೆ ಸರದಿ ದಾಟಿಸುವುದು ಚೆಕ್, ಕಟ್ಟುವುದು ಬೆಟ್. ಯಾರಾದರೂ ಕಟ್ಟಿದ್ದರೆ ಸಮ ಮಾಡುವುದು ಕಾಲ್, ಹೆಚ್ಚಿಸುವುದು ರೇಸ್, ಎಲೆ ಬಿಡುವುದು ಫೋಲ್ಡ್. ಮುಂದೆ ಪಣ ಇರುವಾಗ ಚೆಕ್ ಎನ್ನಲಾಗದು.

ಮೂರೆಲೆಯಲ್ಲಿ ಯಾರೂ ಹೆಚ್ಚಿಸದಿದ್ದರೂ ಸರದಿ ಬಂದಾಗಲೆಲ್ಲ ಚಾಲ್ ಹಾಕುತ್ತಲೇ ಇರಬೇಕು, ಶೋ ಕೇಳುವವರೆಗೆ ಆಟ ಸುತ್ತುತ್ತದೆ. ಆ ರೂಢಿಯಲ್ಲಿರುವವರು ಇಲ್ಲಿ ಸುತ್ತು ಮುಗಿದ ಮೇಲೂ ಬೀಜ ಹಾಕಲು ಕೈ ಚಾಚುತ್ತಾರೆ. ಹೋಲ್ಡೆಮ್‌ನಲ್ಲಿ ಸುತ್ತು ಮುಗಿಯಲು ಎರಡು ಷರತ್ತುಗಳು ಸಾಕು: ಉಳಿದಿರುವ ಎಲ್ಲರಿಗೂ ಒಮ್ಮೆಯಾದರೂ ಸರದಿ ಸಿಕ್ಕಿರಬೇಕು, ಎಲ್ಲರ ಮುಂದಿನ ಪಣ ಸಮವಾಗಿರಬೇಕು. ರಿವರ್‌ನ ಸುತ್ತು ಮುಗಿದಾಗ ಇಬ್ಬರಿಗಿಂತ ಹೆಚ್ಚು ಜನ ಉಳಿದಿದ್ದರೂ ಎಲ್ಲರೂ ಎಲೆ ತೋರಿಸುತ್ತಾರೆ. ಶೋ ಕೇಳಲು ಬೇರೆ ಶುಲ್ಕವಿಲ್ಲ.

ಮೊದಲ ಸುತ್ತು ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಶುರು. ಎಲ್ಲರೂ 2 ಬೀಜಕ್ಕೆ ಸಮ ಮಾಡಿದರೂ ಬಿಗ್ ಬ್ಲೈಂಡ್‌ಗೆ ಇನ್ನೂ ಒಂದು ಅವಕಾಶವಿದೆ: ಚೆಕ್ ಎನ್ನಬಹುದು, ಹೆಚ್ಚಿಸಬಹುದು. ಹೊಸಬರ ಗುಂಪಿನಲ್ಲಿ ಹಂಚುವವರು ಅವರನ್ನು ಕೇಳದೆಯೇ ಫ್ಲಾಪ್ ತೆರೆದುಬಿಡುತ್ತಾರೆ. ನಂತರದ ಮೂರೂ ಸುತ್ತುಗಳು ಬಟನ್‌ನ ಎಡಗಡೆ ಉಳಿದಿರುವ ಮೊದಲ ಆಟಗಾರರಿಂದ ಶುರುವಾಗುತ್ತವೆ.

ಹೆಚ್ಚಿಸುವಾಗ ಮೊತ್ತವನ್ನು ಒಂದೇ ಸಲಕ್ಕೆ ಹೇಳಿ. ನಿಮ್ಮ 10ಕ್ಕೆ 10, ಮೇಲೆ ಇನ್ನು 20 ಎಂದು ಕಂತಿನಲ್ಲಿ ಬೀಜ ಇಡುತ್ತಾ ಎದುರಿನವರ ಮುಖ ನೋಡುವುದು ಅನ್ಯಾಯ, ಅದನ್ನು ಬರಿಯ ಕಾಲ್ ಎಂದೇ ಪರಿಗಣಿಸಿ. ಪಣವನ್ನು ನಡುವಿನ ರಾಶಿಗೆ ಎಸೆಯಲೂಬೇಡಿ. ತಮ್ಮ ಮುಂದೆ ಇಟ್ಟುಕೊಂಡು, ಸುತ್ತು ಮುಗಿದ ಮೇಲೆ ಹಂಚುವವರು ರಾಶಿಗೆ ಸೇರಿಸಲಿ. ಯಾರೆಷ್ಟು ಹಾಕಿದರು ಎಂಬ ಜಗಳಗಳೆಲ್ಲ ಇಷ್ಟರಿಂದಲೇ ನಿಲ್ಲುತ್ತವೆ.

## ಹಂತ 5: ಪಣದ ಮೂರು ಪದ್ಧತಿಗಳು, ಇದೇ ಕ್ರಮದಲ್ಲಿ

ಟಿವಿಯಲ್ಲಿ ಕಾಣುವ ನೋ ಲಿಮಿಟ್‌ನಿಂದಲೇ ಕಲಿಯಲು ಎಲ್ಲರಿಗೂ ಆತುರ. ಆದರೆ ಮೂರನೆಯ ಆಟದಲ್ಲೇ ಯಾರೋ ತಮ್ಮ 200ನ್ನೂ ಮುಂದೆ ತಳ್ಳುತ್ತಾರೆ, ಮಿಕ್ಕವರು ಎಲೆ ಬಿಡುತ್ತಾರೆ, ಟರ್ನ್ ಮತ್ತು ರಿವರ್‌ನ ಅಭ್ಯಾಸ ಯಾರಿಗೂ ಆಗುವುದಿಲ್ಲ. ಆದ್ದರಿಂದ ನನ್ನ ಒತ್ತಾಯ ಫಿಕ್ಸೆಡ್ ಲಿಮಿಟ್‌ನಿಂದ ಶುರುಮಾಡಿ ಎಂಬುದು.

ಫಿಕ್ಸೆಡ್ ಲಿಮಿಟ್. 2-4 ಆಟದಲ್ಲಿ ಬ್ಲೈಂಡ್‌ಗಳು 1 ಮತ್ತು 2. ಫ್ಲಾಪ್‌ಗೆ ಮೊದಲಿನ ಮತ್ತು ಫ್ಲಾಪ್‌ನ ಸುತ್ತಿನಲ್ಲಿ ಪಣವೂ ಏರಿಕೆಯೂ ನಿಖರವಾಗಿ 2. ಟರ್ನ್ ಮತ್ತು ರಿವರ್‌ನಲ್ಲಿ ನಿಖರವಾಗಿ 4. ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದು ಬೆಟ್, ಮೂರು ರೇಸ್ ಎಂಬ ಮಿತಿ ಇರುತ್ತದೆ. ಎರಡು ಮೂರು ಸಂಜೆ ಹೀಗೇ ಆಡಿ.

ಪಾಟ್ ಲಿಮಿಟ್. ಇಲ್ಲಿ ಗರಿಷ್ಠ ಪಣ ರಾಶಿಯಷ್ಟು. ಗರಿಷ್ಠ ಏರಿಕೆ ಎಷ್ಟೆಂಬುದೇ ಎಡವುವ ಜಾಗ. ರಾಶಿಯಲ್ಲಿ 20 ಇದೆ, ಎದುರಿನವರು 10 ಕಟ್ಟಿದರು ಎನ್ನಿ. ಮೊದಲು ನೀವು 10ಕ್ಕೆ ಸಮ ಮಾಡಿದಂತೆ ಭಾವಿಸಿ: 20, 10, 10 ಸೇರಿ 40. ಆ 40ರಷ್ಟು ಮೇಲೆ ಏರಿಸಬಹುದು. ಅಂದರೆ ನೀವು ಮುಂದಿಡಬಹುದಾದ ಒಟ್ಟು ಮೊತ್ತ 50. ಬೇಗ ಎಣಿಸಲು: ಕೊನೆಯ ಪಣದ ಮೂರರಷ್ಟು, ಜೊತೆಗೆ ಅದಕ್ಕೆ ಮೊದಲು ಇದ್ದ ರಾಶಿ. 30 ಮತ್ತು 20, 50.

ನೋ ಲಿಮಿಟ್. ಗರಿಷ್ಠ ನಿಮ್ಮ ಮುಂದಿರುವಷ್ಟೂ. ಅದೆಲ್ಲವನ್ನೂ ಇಟ್ಟರೆ ಆಲ್ ಇನ್. ಮಿತಿಯೇ ಇಲ್ಲ ಎಂದು ತಿಳಿಯಬೇಡಿ, ಕನಿಷ್ಠ ಮಿತಿ ಇದೆ: ಏರಿಕೆ ಹಿಂದಿನ ಏರಿಕೆಗಿಂತ ಕಡಿಮೆಯಿರಬಾರದು. ಬಿಗ್ ಬ್ಲೈಂಡ್ 2 ಇರುವಾಗ ಒಬ್ಬರು ಅದನ್ನು 8ಕ್ಕೆ ಏರಿಸಿದರೆ ಏರಿಕೆ 6. ಮುಂದಿನವರು ಏರಿಸುವುದಾದರೆ ಕನಿಷ್ಠ 14 ಆಗಬೇಕು. ಹತ್ತಕ್ಕೋ ಹನ್ನೆರಡಕ್ಕೋ ಏರಿಸಲಾಗದು.

## ಹಂತ 6: ರಾಶಿ ಒಡೆಯುವುದು

ಆಟದ ನಡುವೆ ಜೇಬಿನಿಂದ ಬೀಜ ಸೇರಿಸುವಂತಿಲ್ಲ, ಇರುವ ಬೀಜ ಮುಗಿದವರನ್ನು ಆಟದಿಂದ ಹೊರಗೆ ಹಾಕುವಂತೆಯೂ ಇಲ್ಲ. ಅಕ್ಕನ ಬಳಿ 30, ಮಾವನ ಬಳಿ 80, ತಮ್ಮನ ಬಳಿ 200 ಇದ್ದು ಮೂವರೂ ಆಲ್ ಇನ್ ಆದರು ಎನ್ನಿ. ಎಲ್ಲವನ್ನೂ ಒಂದೇ ರಾಶಿ ಮಾಡಿದರೆ ಲೆಕ್ಕ ಬಿಡಿಸುವುದು ಕಷ್ಟ. ಕಡಿಮೆ ಇರುವವರಿಂದ ಶುರುಮಾಡಿ.

ಅಕ್ಕನ 30ರಷ್ಟನ್ನು ಮೂವರಿಂದಲೂ ತೆಗೆದರೆ 90, ಇದು ಮುಖ್ಯ ರಾಶಿ. ಮಾವನಲ್ಲಿ ಉಳಿದ 50ಕ್ಕೆ ತಮ್ಮನ 50 ಸೇರಿ 100, ಇದು ಪಕ್ಕದ ರಾಶಿ. ತಮ್ಮನಲ್ಲಿ ಮಿಕ್ಕ 120ಕ್ಕೆ ಎದುರಾಳಿಯಿಲ್ಲ, ಅದು ಅವನಿಗೇ ವಾಪಸ್. ಎಲೆ ತೋರಿಸುವಾಗ ಪಕ್ಕದ ರಾಶಿಯನ್ನು ಮೊದಲು ತೀರ್ಮಾನಿಸಿ, ಅದರಲ್ಲಿ ಅಕ್ಕನಿಗೆ ಪಾಲಿಲ್ಲ. ಬಳಿಕ ಮೂವರ ಎಲೆಗಳನ್ನೂ ಹೋಲಿಸಿ 90 ಕೊಡಿ. ಅಕ್ಕನ ಎಲೆ ಎಲ್ಲರಿಗಿಂತ ದೊಡ್ಡದಾದರೂ ಅವಳಿಗೆ ಸಿಗುವುದು 90 ಮಾತ್ರ.

## ಹಂತ 7: ಕಾಲ್ ಮಾಡುವ ಮುನ್ನ ಒಂದು ಲೆಕ್ಕ

ಫ್ಲಾಪ್ ಬಿದ್ದಾಗ ನಿಮ್ಮದೂ ಬೋರ್ಡಿನದೂ ಸೇರಿ ನಾಲ್ಕು ಇಸ್ಪೀಟ್ ಇದ್ದರೆ, ಉಳಿದ ಇಸ್ಪೀಟ್ 13ರಲ್ಲಿ 9. ನೀವು ಕಾಣದ ಎಲೆಗಳು 47. ಮುಂದಿನ ಒಂದೇ ಎಲೆಯಲ್ಲಿ ಫ್ಲಶ್ ಆಗುವ ಸಾಧ್ಯತೆ ಸುಮಾರು ಶೇ 19. ಎರಡೂ ಎಲೆ ಸೇರಿ ಸುಮಾರು ಶೇ 35.

ರಾಶಿಯಲ್ಲಿ 30, ಎದುರಿನವರ ಪಣ 10, ನೀವು ಹಾಕಬೇಕಾದದ್ದು 10. ಒಟ್ಟು 50ರಲ್ಲಿ ನಿಮ್ಮದು 10, ಅಂದರೆ ಶೇ 20. ಒಂದೇ ಎಲೆಯ ಶೇ 19ಕ್ಕೆ ಇದು ಸರಿಸುಮಾರು ಸಮ, ಹಾಕಬಹುದು. ಅದೇ ಅವರು 30 ಕಟ್ಟಿದ್ದರೆ 90ರಲ್ಲಿ 30, ಶೇ 33. ಆಗ ಶೇ 35 ಇದೆಯಲ್ಲ ಎಂದು ಧೈರ್ಯ ಮಾಡಬೇಡಿ. ಆ ಶೇ 35 ಸಿಗುವುದು ಟರ್ನ್‌ನಲ್ಲಿ ಮತ್ತೆ ಪಣ ಕಟ್ಟದೆ ರಿವರ್ ನೋಡಲು ಸಾಧ್ಯವಾದರೆ ಮಾತ್ರ. ಹೊಸಬರ ಬೀಜ ಸೋರುವ ದೊಡ್ಡ ರಂಧ್ರ ಇದು.

## ನಿಲ್ಲಿಸಬೇಕಾದ ಸೂಚನೆಗಳು

ಬೀಜಕ್ಕೆ ರೂಪಾಯಿ ಬೆಲೆ ಕಟ್ಟೋಣ ಎಂದು ಯಾರಾದರೂ ಹೇಳಿದ ಸಂಜೆ ಎಲೆ ಕಟ್ಟಿಡಿ. ಅಭ್ಯಾಸಕ್ಕೆಂದು ಮೊಬೈಲ್‌ಗೆ ಲಿಂಕ್ ಕಳಿಸಿ ಯುಪಿಐ ಮೂಲಕ ಹಣ ತುಂಬಿಸುವ ಆಪ್‌ಗಳಿಂದ ದೂರವಿರಿ. ಸೋತದ್ದನ್ನು ಗೆದ್ದು ತರುತ್ತೇನೆಂಬ ಹಟ, ಆಟದ ವಿಷಯವನ್ನು ಮನೆಯವರಿಂದ ಮುಚ್ಚಿಡುವುದು, ಸಾಲ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಆ ವ್ಯಕ್ತಿಯನ್ನು ಆಟಕ್ಕೆ ಕರೆಯದೆ ಮಾತಿಗೆ ಕರೆಯಿರಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಆಪ್ತ ಸಲಹೆ ಸಿಗುತ್ತದೆ.

## ಹಂತ 8: ಓಮಾಹಾಗೆ ದಾಟುವಾಗ

ಹೋಲ್ಡೆಮ್ ಕೈಗೆ ಕೂತ ಮೇಲೆ ಓಮಾಹಾ ಆಡಿ. ಬೋರ್ಡ್, ಸುತ್ತು, ಬ್ಲೈಂಡ್ ಎಲ್ಲ ಹಾಗೆಯೇ; ಪಣ ಹೆಚ್ಚಾಗಿ ಪಾಟ್ ಲಿಮಿಟ್. ವ್ಯತ್ಯಾಸ ಎರಡು: ಕೈಗೆ ನಾಲ್ಕು ಎಲೆ ಸಿಗುತ್ತವೆ, ಮತ್ತು ಅವುಗಳಲ್ಲಿ ನಿಖರವಾಗಿ ಎರಡನ್ನು, ಬೋರ್ಡಿನಿಂದ ನಿಖರವಾಗಿ ಮೂರನ್ನು ಬಳಸಲೇಬೇಕು. ಒಂದನ್ನು ಬಳಸುವ, ಬೋರ್ಡನ್ನೇ ಆಡುವ ಸ್ವಾತಂತ್ರ್ಯ ಇಲ್ಲಿಲ್ಲ.

ಮೊದಲ ಸಂಜೆಯೇ ಈ ಪರೀಕ್ಷೆಯನ್ನು ಎಲೆ ಜೋಡಿಸಿ ಮಾಡಿ. ಬೋರ್ಡಿನಲ್ಲಿ ಇಸ್ಪೀಟಿನ ರಾಜ, ಗುಲಾಮ, 8, 4, ಜೊತೆಗೆ ಆಟಿನ್ 2. ಒಬ್ಬರ ಕೈಯಲ್ಲಿ ಇಸ್ಪೀಟಿನ ಎಕ್ಕ, ಡೈಮಂಡ್ ಎಕ್ಕ, ಆಟಿನ್ 9, ಕಳಾವರ 7. ಇನ್ನೊಬ್ಬರ ಕೈಯಲ್ಲಿ ಇಸ್ಪೀಟಿನ 5 ಮತ್ತು 3, ಆಟಿನ್ 10, ಡೈಮಂಡ್ 6. ಹೋಲ್ಡೆಮ್‌ನ ಕಣ್ಣಿಗೆ ಎಕ್ಕದ ಫ್ಲಶ್ ಕಾಣುತ್ತದೆ. ಆದರೆ ಮೊದಲನೆಯವರ ಕೈಯಲ್ಲಿರುವುದು ಒಂದೇ ಇಸ್ಪೀಟ್, ಅವರಿಗೆ ಫ್ಲಶ್ ಇಲ್ಲವೇ ಇಲ್ಲ; ಇರುವುದು ಎಕ್ಕದ ಜೋಡಿ. 5 ಮತ್ತು 3 ಹಿಡಿದವರಿಗೆ ರಾಜ-ಗುಲಾಮ-8-5-3ರ ಫ್ಲಶ್ ಇದೆ, ರಾಶಿ ಅವರದು.